ಕ್ರಾಸ್ ಬದಲಾಯಿಸಿದ ಮೇಲೆ ಬಸ್ಸು ಅದುರುತ್ತಿದೆಯಾ? ಹೊಸ ಶಾಫ್ಟ್ ತರುವ ಮೊದಲು ಬಾಣದ ಗುರುತು ನೋಡಿ

ನೀವು ಕೇಳಿದ್ದು ಇಷ್ಟು. ಮಡಿಕೇರಿ–ಕುಶಾಲನಗರ ಕಡೆ ಓಡುವ ಬಸ್ಸು. ಮೊದಲು ಗಾಡಿ ಎಳೆಯುವಾಗ ಕಟಕ್ ಅಂತ ಶಬ್ದ ಬರುತ್ತಿತ್ತು, ಸೆಂಟರ್ ಬೇರಿಂಗ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟನ್ನು ಮಧ್ಯದಲ್ಲಿ ಹಿಡಿಯುವ ಬೇರಿಂಗ್) ಮತ್ತು ಎರಡು ಕ್ರಾಸ್ (ಶಾಫ್ಟ್ ಕೋನದಲ್ಲಿ ಬಾಗಿ ತಿರುಗಲು ಬಿಡುವ ಕೀಲು) ಹೊಸದು ಹಾಕಿಸಿದಿರಿ, ಶಬ್ದ ಹೋಯಿತು, ಈಗ 50 ದಾಟಿದ ಕೂಡಲೇ ನೆಲವೆಲ್ಲ ಅದುರುತ್ತದೆ. ಮೆಕ್ಯಾನಿಕ್ ಪ್ರೊಪೆಲ್ಲರ್ ಶಾಫ್ಟೇ ಪೂರ್ತಿ ಬದಲಾಯಿಸಿ ಅನ್ನುತ್ತಿದ್ದಾರೆ. ಬದಲಾಯಿಸಬೇಕಾ?

ಸದ್ಯಕ್ಕೆ ಬೇಡ. ರಿಪೇರಿಗೆ ಮೊದಲು ಅದುರದೇ ಇದ್ದ ಶಾಫ್ಟ್, ರಿಪೇರಿ ಆದ ಮಾರನೇ ದಿನ ತಾನಾಗೇ ಬಗ್ಗುವುದಿಲ್ಲ ಅಲ್ವಾ? ಕೈ ಹಾಕಿದ ಜಾಗದಲ್ಲೇ ಏನೋ ಹೆಚ್ಚುಕಡಿಮೆ ಆಗಿದೆ. ನನಗೆ ಈ ಪಾಠ ದುಡ್ಡು ಕೊಟ್ಟು ಬಂದದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಅದುರುತ್ತಿರುವುದು ಶಾಫ್ಟೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಲೆಕ್ಕ ಸುಲಭ ಇದೆ. 10.00-20 ಅಳತೆಯ ಟೈರು ಒಂದು ಸುತ್ತಿಗೆ ಹತ್ತಿರ ಹತ್ತಿರ 3.2 ಮೀಟರ್ ಹೋಗುತ್ತದೆ. 60ರಲ್ಲಿ ಹೋಗುವಾಗ ಚಕ್ರ ಸೆಕೆಂಡಿಗೆ 5 ಸುತ್ತು. ಹಿಂದಿನ ಆಕ್ಸಲ್ ಹೌಸಿಂಗ್ ಒಳಗೆ, ಶಾಫ್ಟಿನಿಂದ ಚಕ್ರಕ್ಕೆ ತಿರುಗು ಕೊಡುವ ಕ್ರೌನ್ ಪಿನಿಯನ್ ಗೇರು ಸುಮಾರು 6ಕ್ಕೆ 1 ಇದ್ದರೆ ಶಾಫ್ಟ್ ಅದೇ ಸೆಕೆಂಡಿನಲ್ಲಿ 30 ಸುತ್ತು ತಿರುಗುತ್ತದೆ. ಹಾಗಾಗಿ ಟೈರು, ರಿಮ್ಮು, ಡ್ರಮ್ಮಿನ ತೊಂದರೆ ಆದರೆ ಒಂದೊಂದೇ ಹೊಡೆತ ಎಣಿಸುವ ಹಾಗೆ ಗಡ ಗಡ ಅನ್ನುತ್ತದೆ, ಸೀಟು ಕುಲುಕುತ್ತದೆ. ಶಾಫ್ಟಿನದ್ದಾದರೆ ಎಣಿಸಲು ಆಗುವುದಿಲ್ಲ, ಗುಂಯ್ ಅನ್ನುತ್ತದೆ. ನಮ್ಮ ಕಂಡಕ್ಟರ್ ಹಿಂದಿನ ಬಾಗಿಲ ಹತ್ತಿರ ನಿಂತು "ಅಣ್ಣಾ, ಕಾಲಡಿಗೆ ಯಾರೋ ಜೇನುಗೂಡು ಇಟ್ಟ ಹಾಗಿದೆ" ಅಂದಿದ್ದ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಆಮೇಲೆ ರಸ್ತೆಯಲ್ಲಿ ಎರಡು ಪರೀಕ್ಷೆ ಮಾಡಿ. ಖಾಲಿ ಬಸ್ಸಿನಲ್ಲಿ, ಚಪ್ಪಟೆ ನೇರ ರಸ್ತೆಯಲ್ಲಿ. ನಮ್ಮ ಮಡಿಕೇರಿ ಸುತ್ತ ಅಂಥ ರಸ್ತೆ ಎಲ್ಲಿದೆ, ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ಹೋಗಬೇಕು. ಒಂದು, ಅದುರುವ ವೇಗಕ್ಕೆ ತಂದು ಟಾಪ್ ಗೇರಿನಲ್ಲಿ ಒಮ್ಮೆ ನೋಡಿ, ಅದೇ ವೇಗದಲ್ಲಿ ಒಂದು ಗೇರು ಇಳಿಸಿ ಇನ್ನೊಮ್ಮೆ ನೋಡಿ. ಇಂಜಿನ್ ಜಾಸ್ತಿ ತಿರುಗಿದರೂ ಅದುರುವುದು ಅದೇ 50–60ರಲ್ಲೇ ಅಂದರೆ ತೊಂದರೆ ಗೇರ್ ಬಾಕ್ಸಿನ ಹಿಂದೆ. ಎರಡು, ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಬಾರದು, ಸುಮ್ನೆ ಓಡಲು ಬಿಡಿ. ನಡುಕ ಹಾಗೇ ಇದ್ದರೆ ಶಾಫ್ಟ್ ಅಥವಾ ಚಕ್ರದ ಕಡೆ. ತಟ್ಟನೆ ನಿಂತರೆ ಇಂಜಿನ್ ಮೌಂಟಿಂಗ್, ಕ್ಲಚ್ ಕಡೆ ನೋಡಿ, ಇಲ್ಲವಾದರೆ ಶಾಫ್ಟಿನ ಕೋನದ ತೊಂದರೆಯೂ ಇರಬಹುದು, ಯಾಕೆಂದರೆ ಅದು ಎಳೆತ ಇದ್ದಾಗಲೇ ಜಾಸ್ತಿ ಗೊತ್ತಾಗುವುದು. ದಯವಿಟ್ಟು ಈ ನ್ಯೂಟ್ರಲ್ ಪರೀಕ್ಷೆ ಸಂಪಾಜೆ ಘಾಟಿಯಲ್ಲೋ ಮಾಕುಟ್ಟದಲ್ಲೋ ಮಾಡಬೇಡಿ.

ನಮ್ಮ ಕಡೆ ಇನ್ನೊಂದು ಅನುಕೂಲ ಇದೆ, ರಸ್ತೆಯೇ ಅರ್ಧ ಹೇಳಿಬಿಡುತ್ತದೆ. ತೂಕ ಒಂದು ಕಡೆ ವಾಲಿ ಬರುವ ನಡುಕ, ಅಂದರೆ ಬ್ಯಾಲೆನ್ಸ್ ತಪ್ಪಿದ್ದು, ವೇಗ ಏರಿದ ಹಾಗೆ ಏರುತ್ತದೆ. ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟು. ಘಾಟಿಯಲ್ಲಿ 25–30ರಲ್ಲಿ ತೆವಳುವಾಗ ಗೊತ್ತೇ ಆಗುವುದಿಲ್ಲ, ಮೈಸೂರು ರಸ್ತೆ ಸಿಕ್ಕ ಕೂಡಲೇ ಗೊತ್ತಾಗುತ್ತದೆ. ಕೋನ ತಪ್ಪಿದ್ದರೆ ಉಲ್ಟಾ, ಶುಕ್ರವಾರ ಮಡಿಕೇರಿ ಸಂತೆ ಮುಗಿಸಿ ಜನ, ಮೂಟೆ ತುಂಬಿಕೊಂಡು ಏರು ಎಳೆಯುವಾಗ ಅದುರುತ್ತದೆ, ಅಥವಾ ಸ್ಟಾಪಿನಿಂದ ಎತ್ತುವಾಗ 10–20ರಲ್ಲೇ ಒಮ್ಮೆ ಮೈ ಕೊಡವಿಕೊಂಡ ಹಾಗೆ ಆಗುತ್ತದೆ. ನೀವು ಖಾಲಿ ಇದ್ದರೂ ತುಂಬಿದ್ದರೂ 50ರ ಮೇಲೆ ಒಂದೇ ಥರ ಅಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಸ್ಲಿಪ್ ಯೋಕ್ ಮೇಲೆ, ಅಂದರೆ ಶಾಫ್ಟಿನ ಉದ್ದ ಹೆಚ್ಚುಕಡಿಮೆ ಆಗಲು ಹಲ್ಲುಗಳ (ಸ್ಪ್ಲೈನ್) ಮೇಲೆ ಜಾರುವ ತುಂಡಿನ ಮೇಲೆ.

ನನ್ನ ಕಥೆ ಇದೇ. ಕೆಲವು ವರ್ಷದ ಹಿಂದೆ, ಮಳೆಗಾಲದಲ್ಲಿ, ವಿರಾಜಪೇಟೆ ಲೈನಿನ ನಮ್ಮ ಬಸ್ಸಿಗೆ ಒಂದು ವರ್ಕ್‌ಶಾಪಿನಲ್ಲಿ ಸೆಂಟರ್ ಬೇರಿಂಗ್ ಹಾಕಿಸಿದೆ. ಮರುದಿನದಿಂದ ಜೇನುಗೂಡು. ಹಿಂದಿನ ಟೈರು ಬದಲಿಸಿದೆ, ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಹಾಕಿಸಿದೆ, ಹೊಸ ಬೇರಿಂಗೇ ಡೂಪ್ಲಿಕೇಟ್ ಅಂತ ಇನ್ನೊಂದು ತಂದೆ. ಏನೂ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಮಳೆ ಬಿಟ್ಟಾಗ ಗೋಣಿಚೀಲ ಹಾಸಿಕೊಂಡು ಅಡಿಗೆ ಮಲಗಿದೆ. ಶಾಫ್ಟ್ ಮೇಲೆ ಕೆಂಪು ಮಣ್ಣು ಗ್ರೀಸಿನ ಜೊತೆ ಸೇರಿ ಚರ್ಮದ ಹಾಗೆ ಅಂಟಿತ್ತು. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ವೈರ್ ಬ್ರಷ್ ಹಾಕಿ ಉಜ್ಜಿದಾಗ ಶಾಫ್ಟಿನ ಕೊಳವೆಯ (ಟ್ಯೂಬ್) ಮೇಲೆ ಒಂದು ಸಣ್ಣ ಬಾಣದ ಗುರುತು ಕಂಡಿತು. ಅದರ ಎದುರಿಗೆ ಸ್ಲಿಪ್ ಯೋಕ್ ಮೇಲೆ ಇನ್ನೊಂದು ಬಾಣ ಇರಬೇಕು. ಇತ್ತು, ಆದರೆ ಎದುರಿಗಲ್ಲ, ಹೆಬ್ಬೆರಳಿನಷ್ಟು ಪಕ್ಕಕ್ಕೆ. ಬೇರಿಂಗ್ ಹಾಕುವಾಗ ಯಾರೋ ಸ್ಲಿಪ್ ಎಳೆದು ಬಿಚ್ಚಿದ್ದಾರೆ, ವಾಪಸ್ ತೂರಿಸುವಾಗ ಒಂದು ಹಲ್ಲು ತಪ್ಪಿದೆ. ಅಷ್ಟೇ. ಬಿಚ್ಚಿ ಸರಿ ಮಾಡಲು ಒಂದು ಗಂಟೆಯೂ ಹಿಡಿಯಲಿಲ್ಲ.

ಒಂದು ಹಲ್ಲಿಗೆ ಇಷ್ಟೆಲ್ಲಾನಾ ಅಂತ ನನಗೂ ಅನಿಸಿತ್ತು. ಕಾರಣ ಹೀಗೆ. ಕೋನದಲ್ಲಿ ಕೆಲಸ ಮಾಡುವ ಕ್ರಾಸ್, ಶಾಫ್ಟನ್ನು ಒಂದೇ ಸಮ ತಿರುಗಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಚೂರು ಜೋರು, ಎರಡು ಸಲ ಚೂರು ನಿಧಾನ. ಕೋನ 3 ಡಿಗ್ರಿ ಇದ್ದರೆ ಈ ಏರಿಳಿತ ಒಟ್ಟು 0.3%ಕ್ಕಿಂತ ಕಡಿಮೆ, 6 ಡಿಗ್ರಿ ಆದರೆ 1.1%. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಇದಕ್ಕೆ ಸರಿಯಾಗಿ ಉಲ್ಟಾ ಕೆಲಸ ಮಾಡಿ ಇದನ್ನು ಅಳಿಸಿಹಾಕುತ್ತದೆ. ಆದರೆ ಆ ಶಾಫ್ಟಿನ ಎರಡೂ ತುದಿಯ ಯೋಕ್ ಕಿವಿಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿ ಇದ್ದರೆ ಮಾತ್ರ. 16 ಹಲ್ಲಿನ ಸ್ಪ್ಲೈನ್ ಆದರೆ ಒಂದು ಹಲ್ಲು ಅಂದರೆ 22.5 ಡಿಗ್ರಿ, ಅದು ಚಿಕ್ಕ ತಪ್ಪಲ್ಲ. ಅದೂ ಅಲ್ಲದೆ ಫ್ಯಾಕ್ಟರಿಯಲ್ಲಿ ಸ್ಲಿಪ್ ಸೇರಿಸಿಯೇ ಬ್ಯಾಲೆನ್ಸ್ ಮಾಡಿರುತ್ತಾರೆ, ಹಲ್ಲು ತಪ್ಪಿದರೆ ಬ್ಯಾಲೆನ್ಸೂ ಹೋಯಿತು. ನಿಮ್ಮ ಗಾಡಿಯಲ್ಲಿ ಬಾಣ ಅಳಿಸಿಹೋಗಿದ್ದರೆ ಹಿಂದಿನ ಶಾಫ್ಟಿನ ಎರಡು ತುದಿಯ ಕಿವಿಗಳನ್ನು ಕಣ್ಣಳತೆಯಲ್ಲೇ ನೋಡಿ, ಒಂದು ಹಲ್ಲಿನ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನು ಮುಂದೆ ಬಿಚ್ಚುವ ಮೊದಲು ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ, ಶಾಫ್ಟ್ ತುದಿಯನ್ನು ಬೋಲ್ಟ್ ಹಾಕಿ ಕೂರಿಸುವ ಫ್ಲೇಂಜ್ ತಟ್ಟೆಗೂ ಸೇರಿಸಿ.

ಅದು ಸರಿ ಇದ್ದರೆ ಕ್ರಾಸ್ ನೋಡಿ. ಫ್ಲೇಂಜ್ ಬೋಲ್ಟ್ ಬಿಚ್ಚಿ ಕೈಯಲ್ಲಿ ನಾಲ್ಕೂ ಕಡೆ ಆಡಿಸಿ. ನುಣ್ಣಗೆ ಆಡಬೇಕು, ಎಲ್ಲೂ ಕಚ್ಚಬಾರದು. ಕ್ರಾಸಿನ ತುದಿಗೆ ಬೇರಿಂಗ್ ಕ್ಯಾಪ್ ಹೊಡೆಯುವಾಗ ಒಳಗಿನ ಸೂಜಿಯಂಥ ಒಂದು ರೋಲರ್ ಅಡ್ಡ ಬಿದ್ದರೆ ಕ್ಯಾಪ್ ಪೂರ್ತಿ ಕೂರುವುದಿಲ್ಲ, ಅದನ್ನು ಹಿಡಿದಿಡುವ ಸರ್ಕ್ಲಿಪ್ ಅರ್ಧ ಹಿಡಿದಿರುತ್ತದೆ, ಕ್ರಾಸ್ ಮಧ್ಯದಿಂದ ಒಂದು ಕೂದಲಷ್ಟು ಸರಿದಿರುತ್ತದೆ. ಶಾಫ್ಟ್ ಅದುರಲು ಅಷ್ಟು ಸಾಕು. ಗ್ರೀಸ್ ಹೊಡೆದಾಗ ನಾಲ್ಕೂ ಕ್ಯಾಪಿನಿಂದ ಹೊರಗೆ ಬರಬೇಕು, ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಕ್ಯಾಪನ್ನು ಬಿಚ್ಚಿ ನೋಡಲೇಬೇಕು. ಫ್ಲೇಂಜ್ ಮುಖದ ಮೇಲೆ ಪೇಂಟ್, ತುಕ್ಕು, ಸುತ್ತಿಗೆ ಏಟಿನ ಉಬ್ಬು ಇದ್ದರೂ ಶಾಫ್ಟ್ ನೇರ ಕೂರುವುದಿಲ್ಲ. ಅರದಲ್ಲಿ ತೆಗೆದು ಒರೆಸಿ ಕೂರಿಸಿ.

ಸೆಂಟರ್ ಬೇರಿಂಗಿನಲ್ಲಿ ಜನ ಮರೆಯುವುದು ಬ್ರ್ಯಾಕೆಟ್ ಅಡಿಯ ತಗಡು. ಚಾಸಿಗೂ ಬ್ರ್ಯಾಕೆಟ್‌ಗೂ ಮಧ್ಯೆ ಎತ್ತರ ಸರಿ ಮಾಡಲು ಶಿಮ್ ಹಾಕಿರುತ್ತಾರೆ, ಬಿಚ್ಚುವಾಗ ಅದು ಕೆಳಗೆ ಬಿದ್ದು ಕೆಸರಿನಲ್ಲಿ ಹೋಗುತ್ತದೆ. ಆಗ ಕೋನ ಬದಲಾಗುತ್ತದೆ. ಫೋನಿನಲ್ಲಿ ಕೋನ ತೋರಿಸುವ ಆ್ಯಪ್ ಇದೆಯಲ್ಲ, ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಪಿನಿಯನ್ ಮೂರರ ಕೋನ ಬರೆದುಕೊಳ್ಳಿ. ಮುಂದಿನ ಶಾಫ್ಟೂ ಪಿನಿಯನ್ನೂ ಹತ್ತಿರ ಹತ್ತಿರ ಸಮಾನಾಂತರ ಇರಬೇಕು, ಒಂದು ಡಿಗ್ರಿ ಆಚೀಚೆ ಪರವಾಗಿಲ್ಲ. ಇದೇ ರಿಪೇರಿಯಲ್ಲಿ ಕಮಾನ್ ಪಟ್ಟಿ ಕೆಲಸವೂ ಮಾಡಿಸಿದ್ದರೆ ಇದನ್ನು ಬಿಡಲೇಬೇಡಿ. ಲೋಡ್ ತಡೆಯಲಿ ಅಂತ ಒಂದು ಪಟ್ಟಿ ಜಾಸ್ತಿ ಹಾಕಿದರೂ, ಹೌಸಿಂಗ್ ಅಡಿಯ ಓರೆ ಪ್ಲೇಟ್ ಹಿಂದುಮುಂದಾದರೂ ಪಿನಿಯನ್ ಮೂತಿ ತಿರುಗಿಬಿಡುತ್ತದೆ.

ಇಷ್ಟೆಲ್ಲ ನೋಡಿ ಸರಿ ಇದ್ದರೆ ಮಾತ್ರ ಟ್ಯೂಬ್ ಕಡೆ ಬನ್ನಿ. ಜಜ್ಜಿದೆಯಾ, ಬೆಸುಗೆ ಹಾಕಿದ ತೂಕದ ತುಂಡು ಕಿತ್ತು ಹೋದ ಕಲೆ ಇದೆಯಾ ನೋಡಿ. ಓಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಮುಳ್ಳು ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಓಡಿದರೆ ಬಿಚ್ಚಿ ಬ್ಯಾಲೆನ್ಸಿಂಗ್ ಮೆಷಿನ್ ಇರುವವರ ಹತ್ತಿರ ಕೊಂಡುಹೋಗಿ. ಬಸ್ಸಿನ ಶಾಫ್ಟಿಗೆ ಹೋಸ್ ಕ್ಲಿಪ್ ಕಟ್ಟಿ ಬ್ಯಾಲೆನ್ಸ್ ಮಾಡುವ ವಿಡಿಯೋಗಳನ್ನು ನಂಬಬೇಡಿ, ಅದು ಕಿತ್ತು ಹಾರಿದರೆ ಏರ್ ಪೈಪಿಗೋ ಡೀಸೆಲ್ ಟ್ಯಾಂಕಿಗೋ ಹೊಡೆಯುತ್ತದೆ.

"ಹೇಗೋ ಓಡುತ್ತಲ್ಲ, ಮಳೆ ಮುಗಿಯಲಿ" ಅಂತ ಬಿಡಬೇಡಿ. ಇದೇ ನಡುಕ ಗೇರ್ ಬಾಕ್ಸಿನ ಹಿಂದಿನ ಸೀಲು, ಪಿನಿಯನ್ ಬೇರಿಂಗ್ ಎರಡನ್ನೂ ತಿನ್ನುತ್ತದೆ, ಫ್ಲೇಂಜ್ ನಟ್ಟು ಸಡಿಲ ಮಾಡುತ್ತದೆ. ಮುಂದಿನ ತುದಿ ಕಳಚಿ ರಸ್ತೆಗೆ ಊರಿದರೆ ಆಮೇಲೆ ಏನು ಅಂತ ಹೇಳಬೇಕಾಗಿಲ್ಲ. ಶಾಫ್ಟ್ ಅಡಿಯ ಗಾರ್ಡ್ ಪಟ್ಟಿ ಇದೆಯಾ ಅದನ್ನೂ ನೋಡಿ, ಎಷ್ಟೋ ಗಾಡಿಯಲ್ಲಿ ರಿಪೇರಿಗೆ ಬಿಚ್ಚಿದ್ದು ವಾಪಸ್ ಕೂತೇ ಇರುವುದಿಲ್ಲ.

ಒಂದು ಮಾತು, ನಮ್ಮೂರಿನ ಅಭ್ಯಾಸದ ಬಗ್ಗೆ. ನಾವು ಇಳಿಜಾರಲ್ಲಿ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸುತ್ತೇವೆ. ಶಾಫ್ಟ್ ಬಿಚ್ಚಿದ ಕ್ಷಣ ಆ ಗೇರಿಗೆ ಚಕ್ರದ ಸಂಬಂಧವೇ ಇಲ್ಲ, ಬಸ್ಸು ನಿಮ್ಮ ಮೇಲೇ ಹೊರಡುತ್ತದೆ. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಎರಡೂ ಕಡೆ ಅಡ್ಡ ಮರದ ತುಂಡು, ಆಮೇಲೆ ಸ್ಪ್ಯಾನರ್. ಚಕ್ರ ಎತ್ತಿ ಇಂಜಿನ್ ಚಾಲೂ ಮಾಡಿ ಅಡಿಗೆ ಹೋಗುವ ಕೆಲಸವಂತೂ ಬೇಡವೇ ಬೇಡ.

ಸರಿ ಮಾಡಿದ ಮೇಲೆ ಒಂದು ಟ್ರಿಪ್ ಓಡಿಸಿ, ನಿಲ್ಲಿಸಿದ ಕೂಡಲೇ ಸೆಂಟರ್ ಬೇರಿಂಗ್ ಹತ್ತಿರ ಕೈ ಹಿಂಬದಿ ಹಿಡಿಯಿರಿ. ಉಗುರು ಬೆಚ್ಚಗೆ ಇದ್ದರೆ ಸರಿ, ಕೈ ಹಿಡಿಯಲಾಗದಷ್ಟು ಬಿಸಿ ಇದ್ದರೆ ಇನ್ನೂ ಎಲ್ಲೋ ಬಿಗಿ ಇದೆ. 200–300 ಕಿಲೋಮೀಟರ್ ಆದ ಮೇಲೆ ಎಲ್ಲ ಫ್ಲೇಂಜ್ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಬಾಣ ಕಂಡರೆ ಒಂದು ಫೋಟೋ ಹಾಕಿ, ಹಲ್ಲು ಸರಿ ಕೂತಿದೆಯಾ ಅಂತ ನೋಡಿ ಹೇಳುತ್ತೇನೆ.