ಓಡುವ ಮೊದಲೇ ಸುಸ್ತೇ?

ಪ್ರಶ್ನೆ: ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ 5 ಕಿ.ಮೀ. ಓಡುವ ಅಭ್ಯಾಸ. ಈಚೆಗೆ ಎದ್ದವನೇ ಅರ್ಧ ಗಂಟೆ ರೀಲ್ಸ್ ನೋಡಿ ಹೊರಟರೆ ಎರಡನೇ ಕಿಲೋಮೀಟರಿಗೇ ಸಾಕೆನಿಸುತ್ತದೆ. ರಕ್ತಹೀನತೆ ಇರಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ನಿದ್ದೆಯ ಲೆಕ್ಕ ನೋಡಿ. ಐದೂವರೆಗೆ ಏಳುವವರು ರಾತ್ರಿ ಹನ್ನೆರಡರವರೆಗೆ ಫೋನ್ ಹಿಡಿದರೆ ಸಿಗುವುದು ಐದೂವರೆ ತಾಸು. ವಯಸ್ಕರಿಗೆ ಕನಿಷ್ಠ 7 ತಾಸು ಬೇಕು. ನಮ್ಮ ಅನುಮಾನ ಹೆಚ್ಚಾಗಿ ಇದರ ಮೇಲೆಯೇ.

ಮನಸ್ಸಿನ ದಣಿವೂ ಕಾಲಿಗಿಳಿಯುತ್ತದೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 16 ಜನ 90 ನಿಮಿಷ ಏಕಾಗ್ರತೆ ಬೇಡುವ ಕಂಪ್ಯೂಟರ್ ಕೆಲಸ ಮಾಡಿ ಸೈಕಲ್ ತುಳಿದರು. ಸರಾಸರಿ 640 ಸೆಕೆಂಡಿಗೆ ಸೋತರು. ದಣಿಯದ ದಿನ 754. ಹೃದಯ, ಸ್ನಾಯು ಸೋತಿರಲಿಲ್ಲ, ಅದೇ ಶ್ರಮ ಹೆಚ್ಚು ಭಾರವೆನಿಸಿತ್ತು, ಅಷ್ಟೆ. ರೀಲ್ಸ್ ಅದೇ ಕೆಲಸವಲ್ಲ, ನಿಜ. ಆದರೂ ಹಾಸಿಗೆಯಲ್ಲೇ ಗಮನ ಚೆದುರಿಸಿಕೊಂಡು ಹೊರಡುವುದು ಒಳ್ಳೆಯದಲ್ಲ.

ಎರಡು ವಾರ ಹೀಗೆ ಮಾಡಿ: ರಾತ್ರಿ ಒಂಬತ್ತೂವರೆಗೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗಿಡಿ. ಅಲಾರಂಗೆ ಬೇರೆ ಗಡಿಯಾರ ಕೊಳ್ಳಿ. ಇದನ್ನು ಬಿಟ್ಟವರೇ ಮೂರನೇ ದಿನ ಫೋನನ್ನು ಮತ್ತೆ ದಿಂಬಿನಡಿ ತರುವುದು. ಎದ್ದು ಒಂದು ಲೋಟ ನೀರು, ಹತ್ತು ನಿಮಿಷದೊಳಗೆ ಶೂ. ಮೊದಲ ಕಿಲೋಮೀಟರ್ ಮಾತಾಡುತ್ತಾ ಓಡುವಷ್ಟು ನಿಧಾನವಿರಲಿ. ಓಟದ ಆ್ಯಪ್ ಬೇಕಿದ್ದರೆ ನೋಟಿಫಿಕೇಷನ್ ಬಂದ್ ಮಾಡಿ.

ಅಷ್ಟಾದರೂ ಸುಸ್ತು ಇಳಿಯದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣಾಂಶದ ಸಂಗ್ರಹ ತಿಳಿಸುವುದು), ಥೈರಾಯ್ಡ್ ಪರೀಕ್ಷೆಗೆ ವೈದ್ಯರನ್ನು ಕಾಣಿ. ಎದೆನೋವು, ತಲೆಸುತ್ತು ಇದ್ದರೆ ಎರಡು ವಾರ ಕಾಯಬೇಡಿ, ಇಂದೇ ಹೋಗಿ.