ದೊಡ್ಡ ಊರಿಗೆ ಹೊರಡೋಕೆ ಎಷ್ಟು ದುಡ್ಡು ಬೇಕು?

ಪ್ರಶ್ನೆ: ಮೇಡಂ, ಇನ್ನು 6 ತಿಂಗಳಲ್ಲಿ ಹೊಸ ಕೆಲಸಕ್ಕೆ ದೊಡ್ಡ ನಗರಕ್ಕೆ ಹೋಗಬೇಕು. ಈಗಿನ ಸಂಬಳ ಬಂದ ಹಾಗೇ ಕರಗುತ್ತದೆ. ಕೈಯಲ್ಲಿ ಎಷ್ಟು ಇಟ್ಟುಕೊಂಡು ಹೊರಡಲಿ?

ಉತ್ತರ: ಬಾಡಿಗೆ, ಅಡ್ವಾನ್ಸು ಎರಡನ್ನೇ ಲೆಕ್ಕ ಹಾಕಿ ಹೊರಟವಳು ನಾನು. ಮೊದಲ ರಾತ್ರಿ ಬಾಗಿಲು ತೆಗೆದು ಸ್ವಿಚ್ ಹಾಕಿದರೆ ಹೋಲ್ಡರ್‌ನಲ್ಲಿ ಬಲ್ಬೇ ಇಲ್ಲ! ಮೊಬೈಲ್ ಬೆಳಕಲ್ಲೇ ಚಾಪೆ ಹಾಸಿಕೊಂಡೆ. ಬಲ್ಬು, ಬಕೆಟ್, ಪೊರಕೆ, ಕಿಟಕಿಗೆ ಪರದೆ... ಎಲ್ಲಾ ಸಣ್ಣಪುಟ್ಟದ್ದೇ. ತಿಂಗಳ ಕೊನೆಗೆ ಕೂಡಿಸಿದರೆ ಅರ್ಧ ತಿಂಗಳ ಬಾಡಿಗೆಯಷ್ಟಾಗಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಸಂಬಳ. ತಿಂಗಳ ಮಧ್ಯೆ ಸೇರಿದ್ದೆ, ಪೂರ್ತಿ ಸಂಬಳ ಬಂದದ್ದು 45ನೇ ದಿನ. ನೀವು ಸಂಬಳದ ತಾರೀಖನ್ನು ಈಗಲೇ ಕೇಳಿಕೊಳ್ಳಿ, ಇದರಲ್ಲಿ ನಾಚಿಕೆ ಏನಿಲ್ಲ.

ಅಡ್ವಾನ್ಸ್ ದುಡ್ಡು ಮನೆ ಖಾಲಿ ಮಾಡೋವರೆಗೂ ವಾಪಸ್ ಬರಲ್ಲ, ಅಲ್ವಾ? ಅದನ್ನು ಬೇರೆಯೇ ಇಡಿ. ಅದರ ಮೇಲೆ 3 ತಿಂಗಳ ಖರ್ಚು ಇರಲಿ. ಎಲ್ಲ ಸೇರಿಸಿ 6ರಿಂದ ಭಾಗಿಸಿ. ಅಷ್ಟು ದುಡ್ಡು ಸಂಬಳ ಬಂದ ದಿನವೇ ಇನ್ನೊಂದು ಖಾತೆಗೆ ಹೋಗಲಿ, ಆ ಖಾತೆಯ ಕಾರ್ಡು ಪರ್ಸಿನಲ್ಲಿ ಬೇಡ. ಮೊತ್ತ ಕೈಗೆಟುಕದಿದ್ದರೆ ಮೊದಲ ವರ್ಷ ಯಾರ ಜೊತೆಗಾದರೂ ರೂಮು ಹಂಚಿಕೊಳ್ಳಿ. ದೂರದ ಅಗ್ಗದ ಮನೆ ಹಿಡಿಯೋ ಮುಂಚೆ ಮಾತ್ರ ದಿನದ ಓಡಾಟದ ಖರ್ಚನ್ನೂ ಬಾಡಿಗೆಗೆ ಸೇರಿಸಿ ನೋಡಿ. ನಾನು ನೋಡಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಮತ್ತೆ ಗಂಟುಮೂಟೆ ಕಟ್ಟಿದೆ.