ಸೇನಾ ಆಸ್ಪತ್ರೆಯ ಸಿಬ್ಬಂದಿ ಮತ್ತು ಗಾಯಾಳುಗಳ ನೆನಪಿಗೆ ಫಲಕ: ಗ್ರಾನೈಟೋ, ಹಿತ್ತಾಳೆಯೋ?

ನಿಮ್ಮ ಅಜ್ಜಿ ಸಿಸ್ಟರ್ ಆಗಿದ್ದ ಯುದ್ಧಕಾಲದ ಆಸ್ಪತ್ರೆಗೆ ಫಲಕ ಹಾಕಿಸಬೇಕು, ಕಲ್ಲು ಯಾವುದು, ಮುಖ್ಯ ಅತಿಥಿ ಯಾರು ಎಂದು ಕೇಳಿದ್ದೀರಿ. ಇವೇ ಎರಡು ಪ್ರಶ್ನೆಗಳನ್ನು ಹಿಡಿದು ನಾನು ಒಂದು ವರ್ಷ ಓಡಾಡಿದ್ದೇನೆ. ಎರಡನ್ನೂ ಸದ್ಯಕ್ಕೆ ಬಿಡಿ.

ನನ್ನ ತಂದೆ ಸೇನೆಯ ವೈದ್ಯಕೀಯ ದಳವಾದ ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್. 1971ರ ಡಿಸೆಂಬರ್‌ನಲ್ಲಿ ಪೂರ್ವ ಗಡಿಯ ಒಂದು ಆಸ್ಪತ್ರೆಯಲ್ಲಿದ್ದರು. ಯುದ್ಧ 3ರಂದು ಶುರುವಾಗಿ 16ಕ್ಕೆ ಮುಗಿಯಿತು, ನಮ್ಮ ವಾರ್ಡಿನಲ್ಲಿ ಮಾತ್ರ ಮುಂದಿನ ಬೇಸಿಗೆಯವರೆಗೂ ನಡೆಯಿತು ಎನ್ನುತ್ತಿದ್ದರು. 2021ರಲ್ಲಿ ಐವತ್ತು ವರ್ಷ ತುಂಬಿದಾಗ ಅವರು ಇರಲಿಲ್ಲ. ಟ್ರಂಕಿನಲ್ಲಿ ಆಸ್ಪತ್ರೆಯ ಗ್ರೂಪ್ ಫೋಟೊ ಇತ್ತು, ಅದರ ಕೆಳಗೆ ಸಾಲುಸಾಲಾಗಿ ಹೆಸರುಗಳಿದ್ದವು. ನನಗೆ ಅಷ್ಟೇ ಸಾಕೆನಿಸಿತು. ಹೆಸರುಗಳನ್ನು ಹಾಗೆಯೇ ಇಳಿಸಿಕೊಂಡು, ಮೇಲೆ ಕೋರ್‌ನ ಧ್ಯೇಯವಾಕ್ಯ ‘ಸರ್ವೇ ಸಂತು ನಿರಾಮಯಾಃ’ (ಎಲ್ಲರೂ ಆರೋಗ್ಯವಾಗಿರಲಿ) ಕೆತ್ತಿಸಿ, ಊರಿನ ಮಾಜಿ ಸೈನಿಕರ ಸಂಘದ ಅಂಗಳದಲ್ಲಿ ಕಲ್ಲು ನಿಲ್ಲಿಸಿದೆ.

ಪತ್ರಿಕೆಯಲ್ಲಿ ಸುದ್ದಿ ಓದಿ ಕಲಬುರಗಿ ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು. ಎದೆಯ ಮೇಲೆ 1971ರಲ್ಲಿ ಪೂರ್ವ ಗಡಿಯಲ್ಲಿ ದುಡಿದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಪದಕ. ಸಮಾರಂಭ ಮುಗಿದು ಜನ ಚದುರಿದ ಮೇಲೆ ಕಲ್ಲನ್ನು ಮೇಲಿನಿಂದ ಓದುತ್ತಾ ಬಂದರು. ಕೊನೆಯ ಸಾಲಿನ ಮುಂದೆ ಚೆಂಡುಹೂವಿನ ಕುಂಡಗಳಿದ್ದವು. ಅವನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ನೋಡಿ, “ಕೆಳಗೆ ಇನ್ನೂ ಇದೆಯೇನು ತಮ್ಮಾ?” ಎಂದರು. ಇರಲಿಲ್ಲ. ಕುಂಡಗಳನ್ನು ಮತ್ತೆ ಇದ್ದಲ್ಲಿಯೇ ಇಟ್ಟರು.

ಅವರು ಆ ಆಸ್ಪತ್ರೆಯ ಸಫಾಯಿವಾಲಾ. ಆಪರೇಷನ್ ಕೋಣೆಯ ರಕ್ತ ತೊಳೆದವರು, ಕತ್ತರಿಸಿದ ಕೈಕಾಲುಗಳನ್ನು ಬೇಲಿಯಾಚೆ ಗುಂಡಿ ತೋಡಿ ಹೂಳಿದವರು, ಬೆಡ್‌ಪ್ಯಾನ್ ಹಿಡಿದವರು. ಫೋಟೊದಲ್ಲಿ ಏಕಿಲ್ಲ ಎಂದು ಕೇಳಿದೆ. “ಎಲ್ಲರೂ ಫೋಟೊಕ್ಕೆ ಹೋದರೆ ವಾರ್ಡಿನಲ್ಲಿ ಯಾರಿರಬೇಕು?” ಎಂದರು.

ನನ್ನ ತಪ್ಪು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲಿಯೇ ಜಾರುತ್ತೀರಿ. ಆಸ್ಪತ್ರೆಯ ಗ್ರೂಪ್ ಫೋಟೊ ಎಂದರೆ ಆ ಗಳಿಗೆಯಲ್ಲಿ ಕೆಲಸ ಬಿಟ್ಟು ಬರಲು ಸಾಧ್ಯವಾದವರ ಪಟ್ಟಿ. ಗಾಯಾಳುಗಳ ಪಕ್ಕ ನಿಂತೇ ಇದ್ದವರು ಅದರಲ್ಲಿ ಇರುವುದಿಲ್ಲ. ಗಾಯಾಳುಗಳಂತೂ ಇರುವುದೇ ಇಲ್ಲ. ನಾನು ಹಾಜರಿದ್ದವರ ಪಟ್ಟಿಯನ್ನೇ ದುಡಿದವರ ಪಟ್ಟಿ ಎಂದುಕೊಂಡೆ. ‘ಸರ್ವೇ’ ಎಂಬ ಮಾತಿನ ಕೆಳಗೇ ಅವರನ್ನು ಬಿಟ್ಟುಬಿಟ್ಟಿದ್ದೆ. ತಂದೆಯ ಜೊತೆಗಿದ್ದವರಿಗೆ ಮೊದಲೇ ನಾಲ್ಕು ಫೋನ್ ಮಾಡಿದ್ದರೆ ಸಾಕಿತ್ತು. ಅದನ್ನು ಮಾಡದೆ ಕಲ್ಲಿನ ಹೊಳಪು ನೋಡಲು ನಾಲ್ಕು ಅಂಗಡಿ ಸುತ್ತಿದೆ.

ಇಂಗ್ಲೆಂಡಿನ ಬ್ರೈಟನ್ ಊರಿನ ಆಸ್ಪತ್ರೆಗಳಲ್ಲಿ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ದಹಿಸಿದ ಗುಡ್ಡದ ಮೇಲೆ 1921ರಲ್ಲಿ ಅಮೃತಶಿಲೆಯ ‘ಛತ್ರಿ’ ಕಟ್ಟಿದರು. ಸುಂದರವಾಗಿದೆ, ಆದರೆ ಅದರ ಮೇಲೆ ಒಬ್ಬರ ಹೆಸರೂ ಇಲ್ಲ. ಆ 53 ಹೆಸರುಗಳ ಫಲಕ ಪಕ್ಕದಲ್ಲಿ ಬಂದದ್ದು 2010ರಲ್ಲಿ. ಅದೇ ಇಂಗ್ಲೆಂಡಿನ ಬ್ರೋಕನ್‌ಹರ್ಸ್ಟ್ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ ಇನ್ನೊಂದು ಸಣ್ಣ ಕಲ್ಲಿದೆ. ಆ ಹಳ್ಳಿಯಲ್ಲಿ ಭಾರತೀಯ ಗಾಯಾಳುಗಳಿಗೆಂದು ಇದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಜಾಡಮಾಲಿಯಾಗಿದ್ದು 1915ರ ಜನವರಿಯಲ್ಲಿ ಸತ್ತ ಬರೇಲಿಯ ಸುಖಾ ಎಂಬವನದು. ಹಾಕಿಸಿದವರು ಆ ಹಳ್ಳಿಯ ಜನ. ಅವನ ಹೆಸರು, ಊರು, ವಯಸ್ಸು, ಕೆಲಸ ಎಲ್ಲವೂ ಅದರಲ್ಲಿವೆ. ನನಗೆ ಛತ್ರಿಗಿಂತ ಈ ಕಲ್ಲೇ ದೊಡ್ಡದು.

ಆದ್ದರಿಂದ ಮುಖ್ಯ ಅತಿಥಿ ಬೇಡ. ಬದುಕಿರುವವರಲ್ಲಿ ಹಿರಿಯರೊಬ್ಬರು ಪರದೆ ಸರಿಸಲಿ. ಹೆಸರುಗಳು ಅಕಾರಾದಿಯಲ್ಲಿರಲಿ, ಕರ್ನಲ್ ಮೇಲೆ, ಧೋಬಿ ಕೆಳಗೆ ಎಂದಲ್ಲ. ಮೆಡಿಕಲ್ ಕೋರ್‌ನ ದಾಖಲೆ ಕಚೇರಿ ಲಖನೌದಲ್ಲಿದೆ, ಅಲ್ಲಿಗೆ ಪತ್ರ ಬರೆಯಿರಿ. ನಿಮ್ಮ ಅಜ್ಜಿಯಂಥ ಸಿಸ್ಟರ್‌ಗಳು ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರು, ಅದು ಬೇರೆಯೇ ದಳ, ಅವರಿಗಾಗಿ ಬೇರೆಯಾಗಿ ವಿಚಾರಿಸಬೇಕು. ಗಾಯಾಳುಗಳ ಹೆಸರನ್ನು ಅವರನ್ನೋ ಮನೆಯವರನ್ನೋ ಕೇಳದೆ ಹಾಕಬೇಡಿ, ಗಾಯದ ವಿವರ ಕೇಳಿದರೂ ಹಾಕಬೇಡಿ. ನನ್ನ ತಂದೆಯ ವಾರ್ಡಿನಲ್ಲಿ ಸೆರೆಸಿಕ್ಕ ಪಾಕಿಸ್ತಾನಿ ಗಾಯಾಳುಗಳೂ ಇದ್ದರು. ಅವರ ಬಗ್ಗೆ ಒಂದು ಸಾಲು ಬೇಕೆಂದು ನಾನು ಹಟ ಹಿಡಿದೆ, ಸಂಘದಲ್ಲಿ ಕೆಲವರು ಇಂದಿಗೂ ಒಪ್ಪಿಲ್ಲ.

ಮರುವರ್ಷ ಎರಡನೆಯ ಕಲ್ಲು ನಿಲ್ಲಿಸಿದೆವು. ಆ ಹಿರಿಯರು ಫೋನಿನಲ್ಲಿ ನೆನಪಿಸಿಕೊಂಡು ಹನ್ನೊಂದು ಹೆಸರು ಹೇಳಿದರು, ತಮ್ಮದನ್ನು ನಾನೇ ಕೇಳಿದ ಮೇಲೆ ಕೊನೆಗೆ. ಗಾಯಾಳುಗಳಿಗೆ ನೀರು ತಂದುಕೊಡುತ್ತಿದ್ದ ಅಲ್ಲಿನ ಹಳ್ಳಿಯ ಹೆಂಗಸೊಬ್ಬಳ ಹೆಸರು ಅವರಿಗೂ ತಿಳಿಯದು. ಎಲ್ಲರೂ ‘ಮಾಸಿ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರಂತೆ. ಮಾಸಿ ಎಂದೇ ಕೆತ್ತಿಸಿದ್ದೇವೆ.